ಒಂದು ಓದಿಗೆ ಎಷ್ಟು ಬೀಳುತ್ತದೆ? ಕಲಬುರಗಿ, ಬೀದರ್, ಯಾದಗಿರಿ ಓದುಗರಿಗೆ ಪುಸ್ತಕದ ದಾರಿಗಳು

ಆಳಂದದ ಕಡೆಯ ಹಳ್ಳಿಯಲ್ಲಿ, ಔರಾದದಲ್ಲಿ ಅಥವಾ ಸುರಪುರದಲ್ಲಿ ಇರುವವರಿಗೆ ಒಂದು ಕನ್ನಡ ಪುಸ್ತಕ ಬೇಕೆನಿಸಿದರೆ ಇವತ್ತು ಕಡಿಮೆಯೆಂದರೂ ಆರು ದಾರಿಗಳಿವೆ: ಜಿಲ್ಲಾ ಕೇಂದ್ರದ ಗ್ರಂಥಾಲಯ, ಊರ ಪಂಚಾಯಿತಿಯ ಅರಿವು ಕೇಂದ್ರ, ಪೇಟೆಯ ಪುಸ್ತಕದಂಗಡಿ, ಅಂಚೆ, ಹಳೆ ಪುಸ್ತಕದ ಸಾಲು, ಕೈಯಲ್ಲಿರುವ ಮೊಬೈಲು. ಯಾವುದನ್ನು ಹಿಡಿಯಬೇಕು ಎಂದು ಕೇಳುವವರು ಬಹಳ. ಗ್ರಂಥಾಲಯದ ಕಾರ್ಡು ಮಾಡಿಸಬೇಕೋ, ಆ ಹಣಕ್ಕೆ ಪುಸ್ತಕವನ್ನೇ ಕೊಳ್ಳಬೇಕೋ? ಟ್ಯಾಬ್ ತೊಗೊಂಡರೆ ಎಲ್ಲ ಮುಗಿಯಿತೋ?

ಪುಸ್ತಕದ ಬೆನ್ನಿಗೆ ಅಚ್ಚಾದ ಬೆಲೆಯನ್ನಷ್ಟೇ ನೋಡಿ ತೀರ್ಮಾನಿಸುವುದು ಇಲ್ಲಿ ಎಲ್ಲರೂ ಮಾಡುವ ಮೊದಲ ತಪ್ಪು. ನೋಡಬೇಕಾದದ್ದು ಒಂದು ಓದಿಗೆ ಎಷ್ಟು ಬೀಳುತ್ತದೆ ಎಂಬುದನ್ನು. ಅದರಲ್ಲಿ ಬಸ್ಸಿನ ಹಣ, ಅಂಚೆಯ ಹಣ, ಕಾಯುವ ದಿನ, ಮನೆಯಲ್ಲಿ ಎಷ್ಟು ಜನ ಓದುತ್ತಾರೆ ಎಂಬುದು, ಎಲ್ಲವೂ ಸೇರುತ್ತವೆ. ಬೆಂಗಳೂರು, ಧಾರವಾಡದವರಿಗಿಂತ ನಮ್ಮ ಮೂರು ಜಿಲ್ಲೆಯವರ ಲೆಕ್ಕ ಬೇರೆಯಾಗುವುದು ಇಲ್ಲಿಯೇ. ನಮಗೆ ಬೆಲೆಗಿಂತ ದೂರವೇ ದುಬಾರಿ.

ಮೊದಲು ಇವನ್ನು ಕೇಳಿಕೊಳ್ಳಿ

ಈ ಪುಸ್ತಕವನ್ನು ಒಂದು ಸಲ ಓದಿ ಬಿಡುತ್ತೀರೋ, ಮತ್ತೆ ಮತ್ತೆ ತೆಗೆಯುತ್ತೀರೋ? ಕಾದಂಬರಿ ಬಹುಮಟ್ಟಿಗೆ ಒಂದು ಸಲದ್ದು. ನಿಘಂಟು, ವಚನ, ಕಾವ್ಯ, ಕೃಷಿ ಕೈಪಿಡಿ, ವ್ಯಾಕರಣ ಹತ್ತಾರು ಸಲದವು. ಎರಡನೆಯ ಪ್ರಶ್ನೆ, ಯಾವಾಗ ಬೇಕು: ಈ ವಾರವೋ, ತೊಗರಿ ರಾಶಿ ಮುಗಿದ ಮೇಲಾದರೂ ನಡೆದೀತೋ? ಮೂರನೆಯದು, ನಿಮ್ಮ ನಂತರ ಯಾರು ಓದುತ್ತಾರೆ. ನಾಲ್ಕನೆಯದು, ದಿನಕ್ಕೆ ಎಷ್ಟು ಹೊತ್ತು ಓದಲು ಆಗುತ್ತದೆ. ಐದನೆಯ ಪ್ರಶ್ನೆಯನ್ನು ಜನ ಕೇಳುವುದೇ ಇಲ್ಲ, ಆದರೆ ಅರ್ಧ ಉತ್ತರ ಅದರಲ್ಲೇ ಇದೆ: ಆ ಪುಸ್ತಕ ಈಗ ಅಚ್ಚಿನಲ್ಲಿ ಇದೆಯೇ?

ಓದುವ ವೇಗದ ಒಂದು ಅಂದಾಜು ಇಟ್ಟುಕೊಳ್ಳಿ. ಕನ್ನಡ ಪುಸ್ತಕಗಳಲ್ಲಿ ಬಹುಪಾಲು 1/8 ಡೆಮಿ ಅಳತೆಯವು, ಅಂದರೆ ಸುಮಾರು 14 ಸೆಂ.ಮೀ. ಅಗಲ, 21.5 ಸೆಂ.ಮೀ. ಎತ್ತರ. ಅಂಥ ಒಂದು ಪುಟಕ್ಕೆ ಎರಡರಿಂದ ಎರಡೂವರೆ ನಿಮಿಷ ಹಿಡಿಯುತ್ತದೆ. 200 ಪುಟಕ್ಕೆ ಏಳೆಂಟು ಗಂಟೆ. ದಿನಕ್ಕೆ ಅರ್ಧ ತಾಸು ಸಿಗುವವರಿಗೆ ಒಂದು ಪುಸ್ತಕ ಹದಿನೈದು ದಿನ. ಗ್ರಂಥಾಲಯದ ಎರವಲು ಅವಧಿಯೂ ಸಾಮಾನ್ಯವಾಗಿ ಅಷ್ಟೇ. ಉಮೇದಿನಲ್ಲಿ ಮೂರು ಪುಸ್ತಕ ತಂದು ಒಂದನ್ನು ಅರ್ಧ ಓದಿ ಮೂರನ್ನೂ ತಡವಾಗಿ ಮರಳಿಸುವುದಕ್ಕಿಂತ ನಿಮ್ಮ ಅರ್ಧ ತಾಸಿಗೆ ತಕ್ಕ ಒಂದನ್ನು ತರುವುದು ಮೇಲು.

ಜಿಲ್ಲಾ ಮತ್ತು ನಗರ ಗ್ರಂಥಾಲಯ

ಗ್ರಂಥಾಲಯಕ್ಕೆ ನೀವು ಈಗಾಗಲೇ ಹಣ ಕಟ್ಟಿದ್ದೀರಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಜೊತೆಗೇ ಗ್ರಂಥಾಲಯ ಕರ ವಸೂಲಾಗುತ್ತದೆ. ದರ ನೂರಕ್ಕೆ ಆರು. ಮನೆ ತೆರಿಗೆ 2,000 ರೂಪಾಯಿ ಆದರೆ ಅದರ ಮೇಲೆ 120 ರೂಪಾಯಿ ಗ್ರಂಥಾಲಯದ್ದು. ರಸೀದಿಯಲ್ಲಿ ಆ ಸಾಲನ್ನು ಒಮ್ಮೆ ಹುಡುಕಿ ನೋಡಿ. ಕಾರ್ಡಿಗೆ ಕಟ್ಟುವ ಠೇವಣಿ ಸದಸ್ಯತ್ವ ಬಿಟ್ಟಾಗ ಮರಳಿ ಬರುತ್ತದೆ, ಹೀಗಾಗಿ ಅದನ್ನು ಖರ್ಚಿನ ಲೆಕ್ಕಕ್ಕೆ ಹಿಡಿಯಬೇಡಿ. ರಸೀದಿಯನ್ನು ಮಾತ್ರ ಜೋಪಾನ ಮಾಡಿ, ಅದಿಲ್ಲದೆ ಠೇವಣಿ ಮರಳಿ ಪಡೆಯುವುದು ಕಷ್ಟ.

ಇನ್ನು ಬಸ್ಸು. ಹಳ್ಳಿಯಿಂದ ಜಿಲ್ಲಾ ಕೇಂದ್ರಕ್ಕೆ ಒಂದು ಬದಿಗೆ 40 ರೂಪಾಯಿ ಎಂದಿಟ್ಟುಕೊಳ್ಳಿ. ಹಳೆಯದನ್ನು ಮರಳಿಸಿ ಹೊಸದು ತರಲು ಹೋಗಿಬರುವ ಖರ್ಚು 80. ಕಾರ್ಡಿಗೆ ಒಂದೇ ಪುಸ್ತಕವಾದರೆ ಒಂದು ಓದಿಗೆ 80 ರೂಪಾಯಿ, ಎರಡಾದರೆ 40, ಮೂರಾದರೆ 27. ಅದೇ ಪುಸ್ತಕವನ್ನು ಕೊಂಡರೆ ಪುಟಕ್ಕೆ ಒಂದು ರೂಪಾಯಿ ಅಥವಾ ಸ್ವಲ್ಪ ಮೇಲಿನ ಈಗಿನ ದರದಲ್ಲಿ 200ರಿಂದ 240. ಒಂದೇ ಪುಸ್ತಕ ಕೊಡುವ ಕಾರ್ಡು ಇದ್ದರೂ ಗ್ರಂಥಾಲಯವೇ ಅಗ್ಗ. ಸಂತೆಗೋ ದವಾಖಾನೆಗೋ ಹೇಗೂ ಹೋಗುವ ದಿನ ಜೋಡಿಸಿಕೊಂಡರೆ ಆ 80 ಕೂಡ ಇಲ್ಲ.

ಹೆಣ್ಣುಮಕ್ಕಳಿಗೆ ಈ ಲೆಕ್ಕವೇ ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರ ಪ್ರಯಾಣ ಉಚಿತ. ಚಿತ್ತಾಪುರದ, ಹುಮನಾಬಾದಿನ, ಶಹಾಪುರದ ಹುಡುಗಿಗೆ ಜಿಲ್ಲಾ ಗ್ರಂಥಾಲಯದ ಪುಸ್ತಕ ಓದಿಗೆ ಸೊನ್ನೆ ರೂಪಾಯಿ ಬೀಳುತ್ತದೆ. ಮನೆಯಲ್ಲಿ ಯಾರ ಹೆಸರಿನಲ್ಲಿ ಕಾರ್ಡು ಮಾಡಿಸಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ. ಅಕ್ಕ, ತಂಗಿ, ಅವ್ವ, ಹೆಂಡತಿ, ಓದುವ ಹೆಣ್ಣುಮಗಳು ಯಾರಿದ್ದರೂ ಮೊದಲ ಕಾರ್ಡು ಅವರದ್ದಾಗಲಿ.

ಹೋಗುವ ಮೊದಲು ವಾರ ನೋಡಿಕೊಳ್ಳಿ. ಸಾರ್ವಜನಿಕ ಗ್ರಂಥಾಲಯಗಳಿಗೆ ಸೋಮವಾರ ಮತ್ತು ತಿಂಗಳ ಎರಡನೆಯ ಮಂಗಳವಾರ ರಜೆ. ಕಾರ್ಡಿನ ಅರ್ಜಿಗೆ ಅಧಿಕಾರಿಯ ಸಹಿ ಬೇಕೆಂದರೆ ಬೇಸಿಗೆಯಲ್ಲಿ ಬೆಳಗ್ಗೆಯೇ ಹೊರಡಿ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳ ವೇಳೆ ಬೆಳಗ್ಗೆ 8ರಿಂದ ಮಧ್ಯಾಹ್ನ 1:30ಕ್ಕೆ ಬದಲಾಗುತ್ತದೆ. ಎರಡು ಗಂಟೆಗೆ ಹೋದವರು ಬಿಸಿಲು ತಿಂದು ಮರಳುತ್ತಾರೆ.

ಒಳಗೆ ಪುಸ್ತಕ ಹುಡುಕುವುದಕ್ಕೂ ಒಂದು ಕ್ರಮವಿದೆ. ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಜೋಡಿಸಿದ ಗ್ರಂಥಾಲಯದಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಅದರ ಮುಂದೆ 1 ಇದ್ದರೆ ಕಾವ್ಯ, 2 ನಾಟಕ, 3 ಕಥೆ-ಕಾದಂಬರಿ, 4 ಪ್ರಬಂಧ. ಅಂದರೆ 894.8143ರ ಕಪಾಟಿನ ಮುಂದೆ ನಿಂತರೆ ಕಾದಂಬರಿಗಳು. ತೆಲುಗು ಪಕ್ಕದಲ್ಲೇ, 894.827. ಈ ಜೋಡಣೆ ಇಲ್ಲದ ಕಡೆ ಲೇಖಕರ ಹೆಸರು ಹಿಡಿದು ನೋಂದಣಿ ಪುಸ್ತಕದಲ್ಲಿ ಹುಡುಕಬೇಕು.

ಕೊರತೆಯನ್ನೂ ಹೇಳಬೇಕು. ಹೊಸ ಪುಸ್ತಕ ಇಲ್ಲಿಗೆ ತಡವಾಗಿ ಬರುತ್ತದೆ. ಇಲಾಖೆ ರಾಜ್ಯಮಟ್ಟದಲ್ಲಿ ಆಯ್ಕೆ ಸಮಿತಿ ಮಾಡಿ ಸಗಟಾಗಿ ಕೊಳ್ಳುತ್ತದೆ, ಆ ಖರೀದಿ ಹಿಂದೆ ಬಿದ್ದರೆ ಕಪಾಟೂ ಹಿಂದೆ ಬೀಳುತ್ತದೆ. ಕಳೆದ ವರ್ಷ ಬಿಡುಗಡೆಯಾದ ಕಥಾಸಂಕಲನ ಈಗಲೇ ಬೇಕೆಂದರೆ ಗ್ರಂಥಾಲಯವನ್ನು ನಂಬಿ ಕೂಡಬೇಡಿ. ಹತ್ತಿಪ್ಪತ್ತು ವರ್ಷ ಹಳೆಯ ಪುಸ್ತಕಕ್ಕೆ ಮಾತ್ರ ಇದಕ್ಕಿಂತ ಒಳ್ಳೆಯ ಜಾಗವಿಲ್ಲ, ಏಕೆಂದರೆ ಅಂಗಡಿಯಲ್ಲಿ ಅವು ಮುಗಿದುಹೋಗಿರುತ್ತವೆ. ತರುವ ಮುನ್ನ ಪುಟ ಸಂಖ್ಯೆ ತಿರುವಿ ನೋಡಿ. ಹಳೆಯ ಹೊಲಿಗೆ ಪುಸ್ತಕಗಳು ಹದಿನಾರು ಪುಟ ಒಟ್ಟಿಗೆ ಮಡಚಿದ ಫಾರಂಗಳಲ್ಲಿ ಕಟ್ಟಿದವು, ಹಾಗಾಗಿ ಕಳಚಿ ಹೋದಾಗ ಒಂದೆರಡು ಹಾಳೆ ಹೋಗುವುದಿಲ್ಲ, ಹದಿನಾರು ಪುಟ ಒಟ್ಟಿಗೇ ಹೋಗಿರುತ್ತವೆ.

ವಿಶ್ವವಿದ್ಯಾಲಯದ ಗ್ರಂಥಾಲಯಗಳು ಬೇರೆ ಜಾತಿಯವು. 1980ರಲ್ಲಿ ಶುರುವಾದ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣ, 2009ರ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಇವು ಸಂಶೋಧನೆಗೆ ಬೇಕಾದ ಪುಸ್ತಕ, ಹಳೆಯ ನಿಯತಕಾಲಿಕೆಗಳ ಜಾಗ. ಹೊರಗಿನವರಿಗೆ ಇಂಥಲ್ಲಿ ಸಾಮಾನ್ಯವಾಗಿ ಎರವಲು ಕೊಡುವುದಿಲ್ಲ. ಕಾಲೇಜಿನಿಂದ ಅಥವಾ ಸಂಸ್ಥೆಯಿಂದ ಪತ್ರ ತಂದು ಕೂತು ನೋಡಲು ಅನುಮತಿ ಕೇಳಬೇಕು. ಬೇಕಾದ ಪುಸ್ತಕಗಳ ಪಟ್ಟಿ ಮೊದಲೇ ಬರೆದುಕೊಂಡು ಹೋಗಿ.

ಅರಿವು ಕೇಂದ್ರ

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಹೆಸರೂ ಅರಿವು ಕೇಂದ್ರ ಎಂದಾಯಿತು. 2020ರಲ್ಲಿ ಶುರುವಾದ ಓದುವ ಬೆಳಕು ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಮನೆಯಲ್ಲಿ ಶಾಲೆಗೆ ಹೋಗುವ ಮಗು ಇದ್ದರೆ ಬೇರೆ ಯೋಚನೆಯೇ ಬೇಡ, ನಾಳೆಯೇ ಹೆಸರು ಬರೆಸಿ.

ದೊಡ್ಡವರ ಓದಿಗೆ ಸಂಗ್ರಹ ಸಣ್ಣದು, ಒಂದೆರಡು ವರ್ಷದಲ್ಲಿ ಓದಿ ತೀರುತ್ತದೆ. ದಿನಪತ್ರಿಕೆಗೆ, ಕಂಪ್ಯೂಟರ್ ಇರುವ ಕಡೆ ಅರ್ಜಿ ಹಾಕಲು, ಮಕ್ಕಳ ಪುಸ್ತಕಕ್ಕೆ ಇದು ಒಳ್ಳೆಯದು. ಬಾಗಿಲು ಯಾವಾಗ ತೆರೆದಿರುತ್ತದೆ ಎಂಬುದು ಮೇಲ್ವಿಚಾರಕರನ್ನು ಅವಲಂಬಿಸಿದೆ, ಅವರ ಮೊಬೈಲ್ ನಂಬರ್ ತೊಗೊಂಡಿರಿ. ಪುಸ್ತಕದ ಬೇಡಿಕೆ ಇದ್ದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಬರಹದಲ್ಲಿ ಕೊಡಿ, ಬಾಯಿಮಾತು ಕಡತಕ್ಕೆ ಹೋಗುವುದಿಲ್ಲ.

ಕೊಳ್ಳುವುದಾದರೆ: ಅಂಗಡಿಯೋ, ಅಂಚೆಯೋ?

ಅಂಗಡಿಯ ದೊಡ್ಡ ಲಾಭವೆಂದರೆ ತಿರುವಿ ನೋಡುವ ಅವಕಾಶ. ಕಲಬುರಗಿಯಲ್ಲಿ ಸಿದ್ಧಲಿಂಗೇಶ್ವರ ಪ್ರಕಾಶನದಂತೆ ತಾವೇ ಪ್ರಕಟಿಸಿ ತಾವೇ ಮಾರುವವರೂ ಇದ್ದಾರೆ. ಈ ಭಾಗದ ಲೇಖಕರ ಪುಸ್ತಕ ಬೆಂಗಳೂರಿಗಿಂತ ಇಂಥಲ್ಲಿ ಸಿಗುವುದು ಹೆಚ್ಚು. ವಿಶ್ವವಿದ್ಯಾಲಯಗಳ ಪ್ರಸಾರಾಂಗದ ಪ್ರಕಟಣೆ, ಅಕಾಡೆಮಿ ಮತ್ತು ಪುಸ್ತಕ ಪ್ರಾಧಿಕಾರದ ಪ್ರಕಟಣೆಗಳು ಪುಟಕ್ಕೆ ಒಂದು ರೂಪಾಯಿಗಿಂತ ಕಡಿಮೆಗೇ ಬರುವುದುಂಟು. ಆದರೆ ಸಾಮಾನ್ಯ ಅಂಗಡಿಗಳು ಅವನ್ನು ಇಡುವುದು ಅಪರೂಪ, ಅವರವರ ಮಾರಾಟ ಮಳಿಗೆಗೇ ಹೋಗಬೇಕು. 2020ರ ಫೆಬ್ರವರಿಯಲ್ಲಿ ಕಲಬುರಗಿಯಲ್ಲಿ ನಡೆದ 85ನೆಯ ಸಾಹಿತ್ಯ ಸಮ್ಮೇಳನದಂಥ ಸಂದರ್ಭದಲ್ಲಿ ಇವೆಲ್ಲ ಒಂದೇ ಮೈದಾನಕ್ಕೆ ಬರುತ್ತವೆ. ಜಿಲ್ಲಾ, ತಾಲ್ಲೂಕು ಸಮ್ಮೇಳನದ ಮಳಿಗೆಗಳೂ ಲಾಭದವೇ. ಕೊನೆಯ ದಿನ ಮಧ್ಯಾಹ್ನದ ಮೇಲೆ ಹೋಗಿ, ಉಳಿದ ಪುಸ್ತಕವನ್ನು ಕಟ್ಟಿ ಹೊತ್ತೊಯ್ಯುವುದಕ್ಕಿಂತ ಕಡಿಮೆ ಬೆಲೆಗೆ ಕೊಡಲು ಮಾರುವವರು ಒಪ್ಪುತ್ತಾರೆ.

ಅಂಚೆಯ ವಿಷಯದಲ್ಲಿ 2025ರ ಮೇ 1ರಿಂದ ಒಂದು ಒಳ್ಳೆಯ ಬದಲಾವಣೆ ಆಗಿದೆ, ಇದು ಇನ್ನೂ ಎಷ್ಟೋ ಓದುಗರಿಗೆ ಮುಟ್ಟಿಲ್ಲ. ಜ್ಞಾನ ಪೋಸ್ಟ್ ಎಂಬ ಸೇವೆಯಲ್ಲಿ 300 ಗ್ರಾಂವರೆಗಿನ ಪುಸ್ತಕಕ್ಕೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ನೆಲದ ಮಾರ್ಗದಲ್ಲಿ ಬರುವುದರಿಂದ ವೇಗ ಕಡಿಮೆ. ಎಲ್ಲಿದೆ ಎಂದು ನೋಡಲು ಸಂಖ್ಯೆ ಇರುತ್ತದೆ. ಒಳಗೆ ಪತ್ರಿಕೆ, ಜಾಹೀರಾತಿನ ಕಾಗದ ಇರಬಾರದು.

ಈ ದರದ ಮೇಲೆ ತೂಕದ ಲೆಕ್ಕ ಹಾಕಿ ನೋಡಿ. ಪುಸ್ತಕದ ಎರಡನೆಯ ಅಥವಾ ನಾಲ್ಕನೆಯ ಪುಟದಲ್ಲಿ ಬಳಸಿದ ಕಾಗದದ ವಿವರ ಇರುತ್ತದೆ, ಹೆಚ್ಚಿನವು 70 ಜಿಎಸ್‌ಎಂ ಮ್ಯಾಪ್‌ಲಿಥೋ, ಅಂದರೆ ಚದರ ಮೀಟರಿಗೆ 70 ಗ್ರಾಂ ತೂಗುವ ಕಾಗದ. 200 ಪುಟವೆಂದರೆ 100 ಹಾಳೆ, 1/8 ಡೆಮಿಯಲ್ಲಿ ಸುಮಾರು 210 ಗ್ರಾಂ. ರಟ್ಟು, ಅಂಟು ಸೇರಿ 235. ಸುತ್ತುವ ಕಾಗದ ಹಾಕಿದರೂ 300ರ ಒಳಗೆ. 250 ಪುಟವಾದರೆ 300 ದಾಟುವ ಸಂಭವ ಇದೆ. ಒಂದೇ ಪುಸ್ತಕ ತರಿಸಿದರೆ 20 ರೂಪಾಯಿ ಮೇಲೆ ಬಿತ್ತು. ಇಪ್ಪತ್ತು ಪುಸ್ತಕ ಒಂದೇ ಕಟ್ಟಿನಲ್ಲಿ ಬಂದರೆ 5 ಕಿಲೋ ಒಳಗೆ, ಪುಸ್ತಕಕ್ಕೆ 5 ರೂಪಾಯಿ. ಶಾಲೆಯ ಮೇಷ್ಟ್ರು, ಬ್ಯಾಂಕಿನವರು, ಗೆಳೆಯರು ಸೇರಿ ಆರು ತಿಂಗಳಿಗೊಮ್ಮೆ ಒಂದು ಪಟ್ಟಿ ಮಾಡಿ ಪ್ರಕಾಶಕರಿಗೇ ನೇರ ಕಳಿಸಿದರೆ ರಿಯಾಯಿತಿ ಕೇಳಲೂ ಬಾಯಿ ಬರುತ್ತದೆ. ಯಾದಗಿರಿ ಜಿಲ್ಲೆಯ ತಾಲ್ಲೂಕುಗಳಿಗೆ, ಬೀದರ್‌ನ ಔರಾದ, ಕಮಲನಗರದ ಕಡೆಗೆ ಇದಕ್ಕಿಂತ ಒಳ್ಳೆಯ ದಾರಿ ಕಾಣುವುದಿಲ್ಲ. ಪ್ರಕಾಶಕರು ಕೊರಿಯರ್ ದರ ಹೇಳಿದರೆ ಜ್ಞಾನ ಪೋಸ್ಟಿನಲ್ಲಿ ಕಳಿಸಿ ಎಂದು ನೀವೇ ಹೇಳಬೇಕು.

ಕಟ್ಟು ಬರುವಾಗ ಏನು ಕೆಡುತ್ತದೆ? ಮೂಲೆಗಳು. ನಾಲ್ಕು ಮೂಲೆಗೆ ಮಡಚಿದ ರಟ್ಟು ಇಡಲು ಹೇಳಿ. ಮಳೆಗಾಲದಲ್ಲಿ ಒಳಗೊಂದು ಪ್ಲಾಸ್ಟಿಕ್ ಹೊದಿಕೆ ಇರಲಿ.

ಹಳೆ ಪುಸ್ತಕದ ಬಗ್ಗೆ ಚಿಕ್ಕದಾಗಿ. ಹೈದರಾಬಾದಿನ ಅಬಿಡ್ಸ್ ಭಾನುವಾರದ ಸಾಲು ಬೀದರ್‌ನವರಿಗೆ ಒಂದು ದಿನದ ಪ್ರಯಾಣ. ಇಂಗ್ಲಿಷ್, ಉರ್ದು, ತೆಲುಗು ಅಲ್ಲಿ ಧಾರಾಳ, ಕನ್ನಡ ಸಿಕ್ಕರೆ ಪುಣ್ಯ. ಮರಾಠಿ ಬೇಕಾದವರಿಗೆ ಕಲಬುರಗಿಯಿಂದ ಸುಮಾರು 110 ಕಿ.ಮೀ. ದೂರದ ಸೊಲ್ಲಾಪುರ ಇದೆ. ಸ್ಪರ್ಧಾತ್ಮಕ ಪರೀಕ್ಷೆಯ ಹಳೆ ಪುಸ್ತಕ ಕೊಳ್ಳುವಾಗ ಎಚ್ಚರ: ಇತಿಹಾಸ, ಗಣಿತ, ವ್ಯಾಕರಣ ನಡೆಯುತ್ತವೆ, ಪ್ರಚಲಿತ ವಿದ್ಯಮಾನ ಮತ್ತು ಆರ್ಥಿಕ ಅಂಕಿಗಳ ಪುಸ್ತಕ ಒಂದು ವರ್ಷ ಹಳತಾದರೆ ರದ್ದಿ.

ಮೊಬೈಲು, ಟ್ಯಾಬು

ಇಲ್ಲಿ ಎರಡು ವಸ್ತುಗಳನ್ನು ಜನ ಒಂದೇ ಎಂದು ತಿಳಿಯುತ್ತಾರೆ. ಒಂದು, ಅಕ್ಷರ ದೊಡ್ಡದು ಮಾಡಿದರೆ ಸಾಲು ತಾನಾಗಿ ಹೊಂದಿಕೊಳ್ಳುವ ಇ-ಪುಸ್ತಕ. ಮತ್ತೊಂದು, ಹಳೆ ಪುಸ್ತಕದ ಪುಟಗಳನ್ನು ಚಿತ್ರವಾಗಿ ತೆಗೆದ ಪಿಡಿಎಫ್. ಮೊದಲನೆಯದಕ್ಕೆ ಯಾವ ಮೊಬೈಲಾದರೂ ನಡೆಯುತ್ತದೆ. ಎರಡನೆಯದಕ್ಕೆ ಇಲ್ಲ, ಕಾರಣ ಅಳತೆಯಲ್ಲಿದೆ. ಮೊಬೈಲ್ ಪರದೆಯ ಅಗಲ ಸುಮಾರು 7 ಸೆಂ.ಮೀ., ಪುಟದ್ದು 14. ಅಕ್ಷರ ಅರ್ಧಕ್ಕೆ ಇಳಿಯುತ್ತದೆ, ಒತ್ತಕ್ಷರಗಳು ಇರುವೆ ಸಾಲಾಗುತ್ತವೆ. ಅಂಚು ಕತ್ತರಿಸಿ ತೋರಿಸುವ ಆ್ಯಪ್ ಬಳಸಿದರೆ ಮೂರನೆಯ ಎರಡರಷ್ಟಕ್ಕೆ ಬರುತ್ತದೆ. ಮೊಬೈಲನ್ನು ಅಡ್ಡ ಹಿಡಿದರೆ ಅಕ್ಷರ ಅಚ್ಚಿನಷ್ಟೇ ಕಾಣುತ್ತದೆ, ಆದರೆ ಒಂದು ಪುಟಕ್ಕೆ ಮೂರು ಸಲ ಸರಿಸಬೇಕು. ಹತ್ತು ಪುಟ ಹೀಗೆ ಓದಬಹುದು, ಮುನ್ನೂರು ಪುಟ ಆಗದು. ಅದಕ್ಕೆ ಹತ್ತಿಂಚಿನ ಟ್ಯಾಬೇ ಬೇಕು.

ಆದರೂ ಈ ಪಿಡಿಎಫ್‌ಗಳನ್ನು ಬಿಡುವಂತಿಲ್ಲ. ಅಚ್ಚಿನಲ್ಲಿಲ್ಲದ ಪುಸ್ತಕಕ್ಕೆ ಇವೇ ಗತಿ. ಉಸ್ಮಾನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದ್ದ ಸಾಕಷ್ಟು ಕನ್ನಡ ಪುಸ್ತಕಗಳು ಭಾರತದ ಡಿಜಿಟಲ್ ಲೈಬ್ರರಿ ಯೋಜನೆಯಲ್ಲಿ ಸ್ಕ್ಯಾನ್ ಆಗಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದ ಈ ನೆಲದವರಿಗೆ ಆ ಸಂಗ್ರಹ ಒಂದು ರೀತಿಯಲ್ಲಿ ಮನೆಗೆ ಮರಳಿ ಬಂದಂತೆ. ಹುಡುಕುವಾಗ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಹೆಸರಿನ ಕಾಗುಣಿತ ಹೇಗೇಗೋ ಇರುತ್ತದೆ. ದೀರ್ಘಕ್ಕೆ ಒಂದು ಎ, ಎರಡು ಎ, ಎರಡನ್ನೂ ಹಾಕಿ ನೋಡಿ. ಪುಸ್ತಕ ಸಂಚಯ ತಾಣದಲ್ಲಿ ಕನ್ನಡದಲ್ಲೇ ಹೆಸರು ಹಾಕಿ ಹುಡುಕಬಹುದು. ಹಕ್ಕಿನ ಮಾತನ್ನೂ ನೆನಪಿಡಿ: ಲೇಖಕರು ತೀರಿಕೊಂಡ ವರ್ಷದ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. 1964 ಅಥವಾ ಅದಕ್ಕೂ ಮೊದಲು ತೀರಿಕೊಂಡವರ ಬರಹ ಎಲ್ಲರದು. ಈಗಿನ ಲೇಖಕರ ಪುಸ್ತಕದ ಪಿಡಿಎಫ್ ವಾಟ್ಸಾಪ್‌ನಲ್ಲಿ ಬಂದರೆ ಅದು ಕದ್ದದ್ದು. ಐನೂರು ಪ್ರತಿ ಮಾರಾಟವಾಗಲಿ ಎಂದು ಕಾಯುವ ಕನ್ನಡ ಲೇಖಕರಿಗೆ ಅದರಿಂದ ಬೀಳುವ ಪೆಟ್ಟು ದೊಡ್ಡದು.

ಹುಡುಕಿ ನೋಡುವ ಓದಿಗೆ ಮಾತ್ರ ಪರದೆಯನ್ನು ಮೀರಿಸುವುದು ಯಾವುದೂ ಇಲ್ಲ. ಸರಕಾರ ತಂದ ಸಮಗ್ರ ವಚನ ಸಂಪುಟಗಳು ಹದಿನೈದು. ಒಂದು ಪದ ಯಾವ ಯಾವ ಶರಣರ ವಚನದಲ್ಲಿ ಬಂದಿದೆ ಎಂದು ಆ ಹದಿನೈದನ್ನು ತಿರುವುವುದು ವಾರದ ಕೆಲಸ, ವಚನ ಸಂಚಯ ತಾಣದಲ್ಲಿ ಅರೆಗಳಿಗೆ. ಬಸವಕಲ್ಯಾಣದ ಕಡೆ ಪ್ರವಚನ ಮಾಡುವವರು, ಪ್ರಬಂಧ ಬರೆಯುವವರು ಇದನ್ನು ಕೈಯಲ್ಲಿಟ್ಟುಕೊಳ್ಳಬೇಕು. ಹಾಗೆಂದು ವಚನವನ್ನು ಕೂತು ಓದಲು ಸಂಪುಟವೇ ಬೇಕು. ಪರದೆಯ ಮೇಲೆ ಒಂದೊಂದೇ ವಚನ ಕಂಡರೆ ಒಬ್ಬ ಶರಣರ ಧ್ವನಿ ಕೂಡಿಬರುವುದಿಲ್ಲ.

ಹಣ ಕೊಟ್ಟು ಕೊಳ್ಳುವ ಕನ್ನಡ ಇ-ಪುಸ್ತಕ, ಕೇಳುಪುಸ್ತಕಗಳಿಗೆ ಮೈಲ್ಯಾಂಗ್‌ನಂಥ ಆ್ಯಪ್‌ಗಳಿವೆ. ಬೆಲೆ ಅಚ್ಚಿನದಕ್ಕಿಂತ ಕಡಿಮೆ, ರಾತ್ರಿ ಹತ್ತಕ್ಕೆ ಬೇಕೆಂದರೂ ಬರುತ್ತದೆ. ಆದರೆ ನಿಮ್ಮ ಖಾತೆಯಲ್ಲಿರುವುದನ್ನು ತಂಗಿಗೆ ಎರವಲು ಕೊಡಲಾಗದು. 220 ರೂಪಾಯಿಯ ಅಚ್ಚಿನ ಪುಸ್ತಕ ನಾಲ್ಕು ಜನ ಓದಿದರೆ ತಲೆಗೆ 55. ಒಬ್ಬರೇ ಓದುವುದಾದರೆ ಇ-ಪುಸ್ತಕ ಅಗ್ಗ, ಮನೆ ತುಂಬ ಓದುಗರಿದ್ದರೆ ಅಚ್ಚೇ ಅಗ್ಗ. ಕಿಂಡಲ್ ಕೊಳ್ಳಬೇಕೆಂದಿರುವವರು ಒಂದು ಸಂಗತಿ ತಿಳಿದಿರಲಿ: 2016ರಲ್ಲಿ ಅದು ಐದು ಭಾರತೀಯ ಭಾಷೆಗಳನ್ನು ಸೇರಿಸಿಕೊಂಡಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಕನ್ನಡಕ್ಕಾಗಿಯೇ ಕೊಳ್ಳುವುದಾದರೆ ಆಂಡ್ರಾಯ್ಡ್ ಟ್ಯಾಬ್ ಮೇಲು.

ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ 2020ರಿಂದ ಇದೆ, ನೋಂದಣಿ ಉಚಿತ. ಪಠ್ಯ, ಪರೀಕ್ಷೆ ತಯಾರಿಗೆ ಹೆಚ್ಚು ಉಪಯೋಗ. ಶಾಲಾ ಪಠ್ಯಪುಸ್ತಕಗಳ ಪಿಡಿಎಫ್ ಪಠ್ಯಪುಸ್ತಕ ಸಂಘದ ತಾಣದಲ್ಲೇ ಉಚಿತ, ಉರ್ದು, ಮರಾಠಿ, ತೆಲುಗು ಮಾಧ್ಯಮದವೂ ಸೇರಿ.

ಮನೆಯಲ್ಲಿ ಎರಡು ಮೂರು ಭಾಷೆ ಇರುವುದು ಇಲ್ಲಿ ಸಾಮಾನ್ಯ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಮಕ್ಕಳ ಕಥೆಗಳು ಕನ್ನಡ, ಉರ್ದು, ಮರಾಠಿ, ತೆಲುಗು ಎಲ್ಲದರಲ್ಲೂ ಉಚಿತ. ಅದೇ ಚಿತ್ರ, ಅದೇ ಕಥೆ, ಎರಡು ಭಾಷೆ. ಅಚ್ಚು ತೆಗೆಯಲೂ ಅನುಮತಿ ಇದೆ. ಭಾಲ್ಕಿಯ ಕಡೆ ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಎನ್ನುವ ಮಗುವಿಗೆ ಇದರಷ್ಟು ಹೊಂದುವ ವಸ್ತು ಹಣ ಕೊಟ್ಟರೂ ಸಿಗದು. ಉರ್ದು ಓದುವ ಹಿರಿಯರಿಗೆ ರೇಖ್ತಾ ತಾಣದ ಉಚಿತ ಪುಸ್ತಕಗಳನ್ನು ಟ್ಯಾಬಿನಲ್ಲಿ ತೆರೆದು ಕೊಡಿ.

ಕೇಳುಪುಸ್ತಕ ಕಣ್ಣಿಗೆ ತೊಂದರೆ ಇರುವವರಿಗೆ, ದಿನಾ ಬಸ್ಸಿನಲ್ಲಿ ಓಡಾಡುವವರಿಗೆ. ಗುರುತು ಹಾಕಿ ಓದುವ ಪುಸ್ತಕಕ್ಕೆ ಬೇಡ.

ಪರೀಕ್ಷೆಗೆ ಓದುವವರ ಜಾಗ

ಇವರ ಪ್ರಶ್ನೆ ಪುಸ್ತಕಕ್ಕಿಂತ ಕುರ್ಚಿಯದು. ಖಾಸಗಿ ಓದುವ ಕೋಣೆಗಳು ತಿಂಗಳ ಲೆಕ್ಕದಲ್ಲಿ ಮಾರುವುದು ಕುರ್ಚಿ, ದೀಪ, ತಂಪು, ಮೌನ. ಪುಸ್ತಕ ನಿಮ್ಮದೇ. ಗ್ರಂಥಾಲಯದ ವಾಚನಾಲಯ ಉಚಿತ, ಆದರೆ ಬೇಗ ತುಂಬುತ್ತದೆ, ಸೋಮವಾರ ಮುಚ್ಚಿರುತ್ತದೆ. ಪರೀಕ್ಷೆಗೆ ಆರು ತಿಂಗಳಿಗಿಂತ ಹೆಚ್ಚು ಇದ್ದರೆ ವಾಚನಾಲಯದಲ್ಲಿ ಶುರು ಮಾಡಿ, ಕೊನೆಯ ಎರಡು ಮೂರು ತಿಂಗಳಿಗೆ ಖಾಸಗಿ ಕೋಣೆಯ ಹಣ ಉಳಿಸಿಕೊಳ್ಳಿ. ಹಣ ಕಟ್ಟುವ ಮುನ್ನ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಒಂದು ದಿನ ಕೂತು ನೋಡಿ. ಕರೆಂಟ್ ಹೋದಾಗ ಇನ್ವರ್ಟರ್ ದೀಪಕ್ಕೆ ಮಾತ್ರವೋ, ಫ್ಯಾನಿಗೂ ಇದೆಯೋ? ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ ಇದೆಯೋ? ಹೊರಹೋಗಲು ಎರಡನೆಯ ಬಾಗಿಲು ಇದೆಯೋ? ನೆಲಮಾಳಿಗೆಯ, ಒಂದೇ ಮೆಟ್ಟಿಲಿನ ಕೋಣೆ ಎಷ್ಟೇ ಅಗ್ಗವಾದರೂ ಬೇಡ.

ಕೊಂಡದ್ದನ್ನು ಉಳಿಸಿಕೊಳ್ಳಲು

ಕೊಳ್ಳುವ ನಿರ್ಧಾರದಲ್ಲಿ ಈ ಖರ್ಚೂ ಇದೆ. ಇಲ್ಲಿನ ಬೇಸಿಗೆ 42 ಡಿಗ್ರಿ ದಾಟುತ್ತದೆ. ಈಗಿನ ಪುಸ್ತಕಗಳ ಬೆನ್ನು ಬಿಸಿ ಅಂಟಿನದು. ಮೇ ತಿಂಗಳಲ್ಲಿ ಸ್ಕೂಟರಿನ ಡಿಕ್ಕಿಯಲ್ಲೋ ನಿಂತ ಕಾರಿನಲ್ಲೋ ಬಿಟ್ಟರೆ ಅಂಟು ಮೆತ್ತಗಾಗಿ ಹಾಳೆ ಜಾರುತ್ತದೆ, ವರ್ಷಗಳು ಕಳೆದಂತೆ ಒಣಗಿ ಬಿರಿಯುತ್ತದೆ. ಒಂದೆರಡು ಹಾಳೆ ಬಿಟ್ಟರೆ ಹಳೆ ಅಂಟಿನ ಪುಡಿ ತೆಗೆದು, ಕಡ್ಡಿಯಿಂದ ಬಿಳಿ ಫೆವಿಕಾಲ್ ತೆಳ್ಳಗೆ ಹಚ್ಚಿ, ಹಾಳೆಯನ್ನು ಅಂಚಿಗೆ ಸರಿಯಾಗಿ ಕೂರಿಸಿ, ಪ್ಲಾಸ್ಟಿಕ್ ಹಾಳೆ ನಡುವಿಟ್ಟು, ಮೇಲೊಂದು ಶಹಾಬಾದಿ ಪರ್ಸಿ ಕಲ್ಲಿನ ತುಂಡು ಹೇರಿ ಹನ್ನೆರಡು ತಾಸು ಬಿಡಿ. ಸೆಲ್ಲೋಟೇಪ್ ಹಚ್ಚಬೇಡಿ, ಹಳದಿಯಾಗಿ ಅಕ್ಷರವನ್ನೂ ತಿನ್ನುತ್ತದೆ. ಫಾರಂಗಳೇ ಕಳಚಿದರೆ ಬೈಂಡರ್‌ಗೆ ಕೊಡಿ. ಪಕ್ಕದ ಹೊಲಿಗೆ ಒಳ ಅಂಚಿನಲ್ಲಿ ಸುಮಾರು ಒಂದು ಸೆಂ.ಮೀ. ನುಂಗುವುದರಿಂದ ಅಂಚು ಕಿರಿದಾಗಿರುವ ಪುಸ್ತಕಕ್ಕೆ ಅದು ಆಗದು.

ಕಡಿಮೆ ಪ್ರತಿ ತೆಗೆಯುವ ಈಗಿನ ಡಿಜಿಟಲ್ ಮುದ್ರಣದ ಪುಸ್ತಕಗಳಿಗೆ ಮೆತ್ತನೆಯ ಪಿವಿಸಿ ಹೊದಿಕೆ ಹಾಕಬೇಡಿ. ಬಿಸಿಲಿಗೆ ಟೋನರ್ ಎಂಬ ಪುಡಿ ಶಾಯಿ ಪ್ಲಾಸ್ಟಿಕ್‌ಗೆ ಅಂಟಿ ಬರುತ್ತದೆ. ಖಾಕಿ ಕಾಗದವೇ ಸಾಕು. ಅಲ್ಮಾರಿ ಗೋಡೆಯಿಂದ ಮೂರು ಇಂಚು ದೂರ, ಕೆಳಗಿನ ಹಲಗೆ ನೆಲದಿಂದ ಅರ್ಧ ಅಡಿ ಮೇಲೆ ಇರಲಿ. ಪರ್ಸಿಯ ಸಂದಿಯಿಂದ ಒರಲೆ ಏರುವುದು ಗೋಡೆ ಹಿಡಿದೇ.

ಯಾರಿಗೆ ಯಾವುದು

ತಿಂಗಳಿಗೆ ಏನೂ ಖರ್ಚು ಮಾಡಲಾಗದವರು ಜಿಲ್ಲಾ ಗ್ರಂಥಾಲಯದ ಕಾರ್ಡು, ಮಕ್ಕಳಿಗೆ ಅರಿವು ಕೇಂದ್ರ, ಮೊಬೈಲಿನಲ್ಲಿ ಸ್ಟೋರಿವೀವರ್ ಇಷ್ಟರಲ್ಲಿ ವರ್ಷಕ್ಕೆ ಇಪ್ಪತ್ತು ಪುಸ್ತಕ ಓದಬಹುದು. ತಿಂಗಳಿಗೆ 250 ರೂಪಾಯಿ ಇದ್ದರೆ ಕಾದಂಬರಿಗೆ ಗ್ರಂಥಾಲಯ, ಕೊಳ್ಳುವ ಹಣ ಮತ್ತೆ ಮತ್ತೆ ತೆಗೆಯುವ ಪುಸ್ತಕಕ್ಕೆ. ತಿಂಗಳಿಗೊಂದು ಕೊಳ್ಳುವ ಬದಲು ಆರು ತಿಂಗಳ 1,500 ಕೂಡಿಸಿ ಗೆಳೆಯರ ಕಟ್ಟಿನಲ್ಲಿ ಅಂಚೆಯಲ್ಲಿ ತರಿಸಿ. ತಿಂಗಳಿಗೆ ಸಾವಿರ ಆಗುವವರು ಹೊಸ ಲೇಖಕರ ಪುಸ್ತಕವನ್ನು ಬಂದ ವರ್ಷವೇ ಕೊಳ್ಳಿ. ಮೊದಲ ಮುದ್ರಣ ಮುಗಿದರೆ ಎರಡನೆಯದು ಬರುತ್ತದೆಂಬ ಖಾತ್ರಿ ಇಲ್ಲ. ಹಳೆಯ, ಅಚ್ಚಿಲ್ಲದ ಪುಸ್ತಕಗಳ ಹುಚ್ಚು ಇರುವವರು ಮಾತ್ರ ಹತ್ತಿಂಚಿನ ಟ್ಯಾಬಿಗೆ ಹಣ ಹಾಕಿ.

ಅಂಗಡಿಯಲ್ಲೂ ಇಲ್ಲ, ಸ್ಕ್ಯಾನ್ ಕೂಡ ಆಗಿಲ್ಲ ಎನ್ನುವ ಪುಸ್ತಕಕ್ಕೆ ಗ್ರಂಥಾಲಯದ ಸಲಹಾ ಪುಸ್ತಕವೇ ದಾರಿ. ಲೇಖಕರು, ಪುಸ್ತಕದ ಹೆಸರು, ಪ್ರಕಾಶಕರು, ಊರು, ವರ್ಷ, ಬೆಲೆ, ಇದ್ದರೆ ಐಎಸ್‌ಬಿಎನ್ ಎಂಬ ಪುಸ್ತಕದ ಗುರುತು ಸಂಖ್ಯೆ, ಇಷ್ಟನ್ನೂ ಸ್ಪಷ್ಟವಾಗಿ ಬರೆಯಿರಿ, ಕೆಳಗೆ ನಿಮ್ಮ ಕಾರ್ಡಿನ ಸಂಖ್ಯೆ ಹಾಕಿ. ಬೇರೆ ಐದಾರು ಸದಸ್ಯರೂ ಅದೇ ಪುಸ್ತಕವನ್ನು ತಮ್ಮ ತಮ್ಮ ಕೈಬರಹದಲ್ಲಿ, ಬೇರೆ ಬೇರೆ ದಿನ ಬರೆಯಲಿ. ಅಷ್ಟರಲ್ಲಿ ಪ್ರಕಾಶಕರಿಗೂ ಒಂದು ಅಂಚೆ ಕಾರ್ಡು ಹಾಕಿ ಮರುಮುದ್ರಣದ ವಿಚಾರ ಕೇಳಿ, ಎಷ್ಟು ಪ್ರತಿ ಖಂಡಿತ ಕೊಳ್ಳುತ್ತೀರಿ ಎಂಬ ಸಂಖ್ಯೆಯನ್ನು ಅದರಲ್ಲೇ ಬರೆಯಿರಿ.